ಹದಿನಾರು ಸ್ಪಂಜಿಗೆ ಕುಂಕುಮ

ವಿದ್ಯಾನಗರ, ಶಿವಮೊಗ್ಗ
೧೨-೧೦-೧೯೯೮

ಪ್ರೀತಿಯ ಕವನಾ,

ಕಾಲಿನ ಬಾವು ಇಳಿಯಿತೇ? ಹೊಟ್ಟೆಯೊಳಗಿನ ಪುಟಾಣಿ ಅಪ್ಪನ ಹಾಗೇ ಒದೆಯುತ್ತಿದೆಯೇ? ನಿಮ್ಮಮ್ಮ ಪದ್ಮಮ್ಮನವರು ಕೊಟ್ಟದ್ದನ್ನು ಬೇಡವೆನ್ನದೆ ತಿನ್ನು. ನಾನೂ ಹಾಲೇಶನೂ ಚೆನ್ನಾಗಿದ್ದೇವೆ.

ಇನ್ನು ಮಾಚೇನಹಳ್ಳಿಯ ನಮ್ಮ ಶೆಡ್ಡಿನ ಸುದ್ದಿ. ಹೆದರದೆ ಕೊನೆಯವರೆಗೂ ಓದು. ತವರಿಗೆ ಹೊರಡುವ ದಿನ ನೀನು ಹದಿನಾರು ಸ್ಪಂಜಿನ ತುಂಡುಗಳನ್ನು ಪಿಂಗಾಣಿ ಮಣ್ಣಿನಲ್ಲಿ ಅದ್ದಿ ಒಣಗಲು ಇಟ್ಟಿದ್ದೆಯಲ್ಲ? ಕರಗಿದ ಕಬ್ಬಿಣ ಸೋಸುವ ಜಾಲರಿಗೆಂದು. ಇವೂ ಒಡೆದರೆ ಇನ್ನು ನಿಮ್ಮ ಮಾಲು ಬೇಡವೆಂದು ಭದ್ರಾವತಿಯ ಫೌಂಡ್ರಿಯವರು ಹೇಳಿದ್ದರಲ್ಲ, ಅವೇ. ಮರುದಿನ ಆಯುಧಪೂಜೆಗೆ ಶೆಡ್ಡು ತೊಳೆಯಲು ನಾನು ಹೋದೆ. ಹಲಗೆಯ ಮೇಲೆ ಕೆಸರು ಮೆತ್ತಿದ ಸ್ಪಂಜುಗಳು. ಹಬ್ಬದ ದಿನ ಹೀಗಿರುವುದೇ ಎಂದು ನಲ್ಲಿಯ ಕೆಳಗೆ ಹಿಂಡಿ ತೊಳೆದು, ಒಣಹಾಕಿ, ಒಂದೊಂದಕ್ಕೂ ಕುಂಕುಮವಿಟ್ಟೆ!

ಹಾಲೇಶ ಬಂದವನು ತಲೆ ಹಿಡಿದು ಕೂತ. "ಅವ್ವಾ, ಪಾತ್ರೆ ತಿಕ್ಕೋ ಸ್ಪಂಜ್ ಅಂದ್ಕೊಂಡ್ಯಾ? ಬೇರೆ ಸ್ಪಂಜೂ ಇಲ್ಲ ಕಣವ್ವಾ!" ನೋಡಿದರೆ ಎಳೆಎಳೆಗೂ ತೆಳ್ಳಗೆ ಮಣ್ಣು ಉಳಿದೇ ಇತ್ತು. "ಅಳ್ಬೇಡ, ಇನ್ನೊಂದ್ಸಲ ಅದ್ದಿದ್ರಾಯ್ತು" ಎಂದು ಸೆರಗು ಸಿಕ್ಕಿಸಿ ನಾನೇ ಕೂತೆ. ನಲವತ್ತು ವರ್ಷ ಹುಣಸೆಹಣ್ಣು ಕಿವುಚಿದ ಕೈ. ತೂತು ಮುಚ್ಚದ ಹಾಗೆ ಹಿಂಡಿದೆ. ಒಣಗಿಸಿ ಗೂಡಿಗಿಟ್ಟು ಸುಟ್ಟಾಗ ಸ್ಪಂಜು ಉರಿದುಹೋಗಿ, ಮಣ್ಣು ಗಟ್ಟಿಯಾಗಿ ಕಲ್ಲಿನ ಜಾಲರಿ ಉಳಿಯಿತು. ಕಲ್ಲು ಎಂದರೆ ನಂಬಬೇಕಲ್ಲ, ಹಪ್ಪಳದಷ್ಟು ಹಗುರ.

ಫೌಂಡ್ರಿಗೆ ನಾನೂ ಹೋಗಿದ್ದೆ. ಮೇಸ್ತ್ರಿ ವೀರಪ್ಪ ಒಂದನ್ನು ಕೈಯಲ್ಲಿ ತೂಗಿ, "ಏನ್ ಮಾರಾಯಾ, ರಸ್ಕ್ ತಂದೀಯಾ? ಟೀ ಎಲ್ಲಿ?" ಎಂದ. ಜಾಲರಿಯ ಮೇಲೆ ಕೆಂಪನೆಯ ಕಬ್ಬಿಣ ಹೊಯ್ದಾಗ ನಾನು ಕಣ್ಣು ಮುಚ್ಚಿದೆ. ಬಿಟ್ಟರೆ ಕಬ್ಬಿಣ ಅಚ್ಚಿಗಿಳಿದಿದೆ, ಕಸ ಮೇಲೇ ನಿಂತಿದೆ! ಹದಿನಾರರಲ್ಲಿ ಒಂದೂ ಒಡೆಯಲಿಲ್ಲ. ನಾನು ತೊಳೆದ ಮೇಲೂ ಉಳಿದಿದ್ದ ಮಣ್ಣಿನ ತೆಳು ಪದರ ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡಿತಂತೆ. ಹಾಲೇಶ ಈಗ ಎಲ್ಲರಿಗೂ ಹೀಗೆ ಪಾಠ ಹೇಳುತ್ತಿದ್ದಾನೆ. "ತಿಂಗ್ಳಿಗೆ ಇಂಥಾವು ಇನ್ನೂರು ಕೊಡ್ತೀರೇನಮ್ಮಾ?" ಎಂದ ವೀರಪ್ಪ. ಮಗ ಬಾಯಿ ತೆರೆಯುವ ಮೊದಲೇ ನಾನು ಹೂಂ ಅಂದುಬಿಟ್ಟೆ.

ಸುಖವಾಗಿ ಹೆರಿಗೆಯಾಗಲಿ, ನನ್ನ ತಾಯಿ. ಬೀಗರಿಗೆಲ್ಲ ನಮಸ್ಕಾರ.

ನಿನ್ನ ಅತ್ತೆ,
ದುರ್ಗಮ್ಮ

ಮರೆತಿದ್ದೆ: ನೀನು ಶೆಡ್ಡಿಗೆ ಹೋಗು, ನಾನು ಮನೆಯಲ್ಲಿ ಕೂತು ಮಗು ನೋಡಿಕೊಳ್ಳುತ್ತೇನೆ ಎಂದು ನಿಮ್ಮಮ್ಮನ ಎದುರು ಮಾತು ಕೊಟ್ಟಿದ್ದೆನಲ್ಲ, ಆ ಮಾತು ವಾಪಸ್ಸು. ನಾನು ಮನೆಯಲ್ಲಿ ಕೂತರೆ ಇನ್ನೂರು ಜಾಲರಿ ಅದ್ದುವವರು ಯಾರು? ಶೆಡ್ಡಿನ ಆಫೀಸು ಕೋಣೆಯ ತೊಲೆಗೆ ತೊಟ್ಟಿಲ ಕೊಕ್ಕೆ ಹಾಕಿಸಿದ್ದೇನೆ.