ಬೆಳ್ಳಗಾದ ಲಿಂಬೆ ಎಲೆ

ಧಾರವಾಡ, ೨೦೦೯

ಅತ್ತೀ,

ನಿಮ್ಮ ಹಿತ್ತಲಿನ ಲಿಂಬೆ ಬೀಜದಿಂದ ಲ್ಯಾಬಿನಲ್ಲಿ ಬೆಳೆಸಿದ ಸಸಿಗೆ ಇವತ್ತು ಬಿಳಿ ಎಲೆ ಬಂತು. ಹಸಿರು ಬಣ್ಣಕ್ಕೆ ಬೇಕಾದ ಜೀನನ್ನು ಸಸಿಯೊಳಕ್ಕೆ ವೈರಸ್ ಬಿಟ್ಟು ಸುಮ್ಮನಾಗಿಸಿದ್ದೆವು. ಜೀನು ಸುಮ್ಮನಾದರೆ ಅದರ ಕೆಲಸ ಏನೆಂದು ಗೊತ್ತಾಗುತ್ತದೆ ಎಂದು ಹಿಂದೊಮ್ಮೆ ಹೇಳಿದಾಗ ನೀವು ನಕ್ಕಿದ್ದಿರಿ: "ಸೊಸಿ ತವರಿಗೆ ಹೋದಾಗ ತಿಳೀತೈತಲ್ಲ, ಹಂಗಾತು ಬಿಡವಾ!"

ಖುಷಿಯಲ್ಲಿ ಹತ್ತರಗಿಯ ಮನೆಗೆ ಫೋನ್ ಹಚ್ಚಿದೆ. ನಿಮ್ಮ ಮಗ ಎತ್ತಿದರು.

"ಲಗೂನ ಅತ್ತೀಗೆ ಕೊಡ್ರಿ" ಎಂದುಬಿಟ್ಟೆ.

ನೀವು ತೀರಿಕೊಂಡು ತಿಂಗಳಾಗಿತ್ತು. ಅವರು, "ನನಗ ಹೇಳ, ಕೇಳ್ತೀನಿ" ಎಂದರು.

ಎಲ್ಲ ಹೇಳಿದೆ.

"ಗಿಡ ಸಾಯೂದಿಲ್ಲಲ್ಲ?"

"ಇಲ್ರಿ, ಕೆಳಗಿನ ಎಲಿ ಇನ್ನೂ ಹಸರ ಅದಾವು."

"ಅವ್ವ ಇದ್ದಿದ್ರ ಆಕೀನೂ ಇದನ್ನ ಕೇಳ್ತಿದ್ಲು."

ಆಮೇಲೆ ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.

ನಿಮ್ಮ ಸರಿತಾ