ಹೊಸ್ತಿಲಿಗೆ ಅಡ್ಡ

ಅಮ್ಮಾ, ನಿನ್ನ ಗೋರಿಗೆ ಕಾಗದ ಒಯ್ಯುವವರಿಲ್ಲ. ಆದರೂ ಹೇಳಬೇಕು.

ನಿನ್ನ ಮೊಮ್ಮಗಳು ಜಿಪಾರಾಳನ್ನು ನಾರಿನ್ ಪಟ್ಟಣದ ಸಂತೆಯಿಂದ ಒಬ್ಬ ಮದುವೆಗೆಂದು ಹೊತ್ತೊಯ್ದು ಬಲಾತ್ಕಾರ ಮಾಡಿದ. ತಪ್ಪಿಸಿಕೊಂಡು ಬಂದವಳು ಇಂದು ಪೊಲೀಸರ ಬಳಿ ಹೊರಟಳು. ನಾನು ಹೊಸ್ತಿಲಿಗೆ ಅಡ್ಡ ಮಲಗಿದೆ, ನನ್ನನ್ನು ಹೊತ್ತೊಯ್ದವನ ಮನೆಯಿಂದ ನಾನು ಓಡಿಬಂದಾಗ ನೀನು ಮಲಗಿದ ಹಾಗೆಯೇ. ಹಿರಿಯಳನ್ನು ದಾಟಿದರೆ ಶಾಪ. ಅಂದು ನಾನು ದಾಟದೆ ಅವನ ಮನೆಗೇ ತಿರುಗಿ ಹೋಗಿದ್ದೆ.

ಜಿಪಾರಾಳೂ ದಾಟಲಿಲ್ಲ. "ಏಳಮ್ಮ, ನೆಲ ತಣ್ಣಗಿದೆ. ಬೂಟು ಹಾಕ್ಕೊಂಡು ನೀನೂ ಬಾ," ಎಂದು ಕೈ ಚಾಚಿದಳು.

ಠಾಣೆಯಲ್ಲಿ ಅಧಿಕಾರಿ, "ಕೇಸ್ ಯಾಕಮ್ಮ? ಒಂದು ಕುರಿ ಕೊಯ್ದು ಬೀಗರಾಗಿಬಿಡಿ," ಎಂದ.

"ಕುರಿ ನೀವೇ ತಿನ್ನಿ. ಮೊದಲು ಬರ್ಕೊಳ್ಳಿ," ಎಂದಳು ಮಗಳು.

ಬರೆದುಕೊಂಡ. ಆಮೇಲೆ ನನ್ನತ್ತ ತಿರುಗಿ, "ನೀವೇನಾದ್ರೂ ಹೇಳೋದಿದೆಯಾ?" ಎಂದ.

ನಿನ್ನ ಅಳಿಯನ ಹೆಸರು ನಾಲಿಗೆಯ ತುದಿಗೆ ಬಂತು, ಅಮ್ಮಾ. ಕುಡಿಯಲು ನೀರು ಕೇಳಿದೆ.