ಉಸಿರುಪೈಪಿಗೆ ಬಿಗಿದ ಬೋಲ್ಟು

ತಾಂಡೂರು
೨೦ ನವೆಂಬರ್ ೨೦೨೪, ಬುಧವಾರ

ಅಣ್ಣ ನರೇಶನಿಗೆ ಜೈಭೀಮ್.

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಕಾಣುತ್ತಿದ್ದರೆ ಕಾಣಲಿ.

ನಿನ್ನ ಆರೋಗ್ಯ ಹೇಗಿದೆ? ಭಿವಂಡಿಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಸೊಂಟ ಹಿಡಿದಿದೆ ಎಂದು ಅವ್ವನಿಗೆ ಹೇಳಿದೆಯಂತೆ. ಮನೆಯ ಅಳಿಯನ ಮುಂದೆ ಅಷ್ಟು ಸಲೀಸಾಗಿ ಬಗ್ಗುವ ಸೊಂಟ ಹಿಡಿದುಕೊಂಡದ್ದು ಹೇಗೋ ನನಗೆ ತಿಳಿಯದು. ಅವ್ವನ ಮಂಡಿನೋವು ತಗ್ಗಿದೆ. ಅಪ್ಪ ದಿನವೂ ತೊಗರಿ ಹೊಲಕ್ಕೆ ಹೋಗಿ ಬರುತ್ತಾನೆ. ನನ್ನ ಎಡಗೈ ಪ್ಲಾಸ್ಟರಿನಲ್ಲಿದೆ, ನಾಡಿದ್ದು ಬಿಚ್ಚುತ್ತಾರೆ. ಫೋನಿನಲ್ಲಿ ನೀನು ಅರ್ಧ ಮಾತಿಗೆ ‘ಸೂಪರ್‌ವೈಜರ್ ಬಂದ’ ಎಂದು ಕಟ್ ಮಾಡುತ್ತೀ. ಅದಕ್ಕೇ ಕಾಗದ. ಇದನ್ನು ಓದದೆ ಎಸೆಯಬಹುದು, ಆದರೆ ಎಸೆದೆ ಎಂದು ನಿನಗಾದರೂ ಗೊತ್ತಿರುತ್ತದೆ.

ಕುರಿ ಮೇಕೆಗಳಿಗೆ ಲಸಿಕೆ ಹಾಕುವ ಈ ಕೆಲಸ ನನಗೆ ಸಿಕ್ಕಿದ್ದೇ ನೀನು ಬಿಟ್ಟುಹೋದ ಮೋಟರ್‌ಸೈಕಲ್ ಗಾಡಿಯಿಂದ. ಸ್ವಂತ ವಾಹನ ಇಲ್ಲದವರಿಗೆ ಕೆಲಸವಿಲ್ಲ ಎಂಬುದು ಮೊದಲ ಷರತ್ತು. ಎರಡು ವರ್ಷ ಧಾರೂರಿನಿಂದ ಕರಣಕೋಟದವರೆಗೆ ಹಳ್ಳಿ ಹಳ್ಳಿ ತಿರುಗಿದ್ದೇನೆ, ಗಾಡಿ ಒಂದು ದಿನವೂ ದಾರಿಯಲ್ಲಿ ನಿಂತಿರಲಿಲ್ಲ. ಕಳೆದ ತಿಂಗಳು ಅಶೋಕ ವಿಜಯದಶಮಿ ಹಬ್ಬಕ್ಕೆ ಎರಡು ದಿನ ಬಂದ ನೀನು ‘ಇಂಜಿನ್ನಿಗಿ ತಂಪಿರ್ಲಿ’ ಎಂದು ಗುರುತು ದಾಟಿ ಎಣ್ಣೆ ಸುರಿದು ಹೋದೆ. ಹೆಚ್ಚಾದ ಎಣ್ಣೆ ಇಂಜಿನ್ನಿನ ಪೈಪು ಹಿಡಿದು ಗಾಳಿಯ ಫಿಲ್ಟರಿಗೆ ಬಂದು ಕೂತಿತು. ಮರುವಾರ ಸ್ವರೂಪಾ ಅಕ್ಕನ ಜೊತೆ ನಾರಾಯಣಖೇಡದಿಂದ ಬಂದ ಭಾವ ಪ್ರವೀಣಕುಮಾರನ ಕಣ್ಣಿಗೆ ಅದು ಬಿತ್ತು. ಜೀವನದಲ್ಲಿ ಒಂದು ಸೈಕಲ್ ಪಂಕ್ಚರ್ ಹಾಕದ ಮನುಷ್ಯ. ಆದರೆ ಅವನ ಹತ್ತಿರ ಫೋನಿದೆ. ಮಂಚದ ಮೇಲೆ ಮಲಗಿ ಮೂರು ವಿಡಿಯೋ ನೋಡಿ ಎದ್ದಾಗ ಅವನು ಮೇಸ್ತ್ರಿಯಾಗಿದ್ದ. ಟ್ಯಾಂಕು ಎತ್ತಿ ಒಳಗೆ ಏನೋ ಬಿಗಿದ. ಏನು ಮಾಡಿದ್ರಿ ಎಂದು ಕೇಳಿದರೆ, ‘ನೀ ಕುರಿಗಿ ಸೂಜಿ ಚುಚ್ಚು, ಇಂಜಿನ್ ನಮಗ ಬಿಡು. ಇನ್ನ ಒಂದು ಹನಿ ಎಣ್ಣಿ ಬರಾಂಗಿಲ್ಲ’ ಎಂದ. ಅಕ್ಕ ತಲೆ ತಗ್ಗಿಸಿ ಚಹಾ ಸೋಸುತ್ತಿದ್ದಳು.

ಆರನೆಯ ದಿನ ಬೆಳಿಗ್ಗೆ, ಹಿಂದೆ ಲಸಿಕೆಯ ಐಸ್ ಡಬ್ಬಿ ಕಟ್ಟಿಕೊಂಡು ಕರಣಕೋಟದ ದಾರಿಯ ತಿರುವಿಗೆ ಬಂದಾಗ ಹಿಂದಿನ ಗಾಲಿ ಸಾಬೂನಿನ ಮೇಲೆ ಇಟ್ಟಂತೆ ಜಾರಿತು. ನನ್ನ ಹಿಂದೆ ಶಹಾಬಾದ್ ಕಲ್ಲಿನ ಲಾರಿ ಇತ್ತು. ಅದು ನಿಂತಾಗ ಅದರ ಮುಂದಿನ ಗಾಲಿ ನನ್ನ ತಲೆಗೆ ಒಂದು ಮಾರು ದೂರದಲ್ಲಿತ್ತು. ನಾನು ರಸ್ತೆಯ ಮೇಲೆ ಬಿದ್ದುಕೊಂಡೇ ಆ ಗಾಲಿಯ ನಟ್ಟುಗಳನ್ನು ಎಣಿಸಿದೆ, ಯಾಕೆಂದು ಈಗಲೂ ಗೊತ್ತಿಲ್ಲ. ಲಾರಿಯವನೇ ಆಸ್ಪತ್ರೆಗೆ ಕರೆದೊಯ್ದ. ಅಪ್ಪ ನಿನಗೆ ಫೋನ್ ಹಚ್ಚಿಕೊಟ್ಟಾಗ ನೀನು ಕೇಳಿದ ಮೊದಲ ಮಾತು ‘ಇಂಜಿನ್ ಏನಾತು?’ ಕೈಯ ಮಾತು ಆಮೇಲೆ ಬಂತು. ಅಷ್ಟರಲ್ಲಿ ಭಾವ ಊರಿಗೆಲ್ಲ ಸಾರಿದ್ದ, ‘ಹೆಣ್ಮಕ್ಳ ಕೈಯಾಗ ಗಾಡಿ ಕೊಟ್ರ ಹಿಂಗೇ ಆಗ್ತದ’ ಎಂದು. ನೀನು ಅದಕ್ಕೆ ‘ಭಾವ ಅನ್ನೋದು ಖರೇ ಅದ, ಗಾಡಿ ಮಾರಿಬಿಡಮು’ ಎಂದೆ. ನೋಡದ ಗಾಡಿ, ನೋಡದ ರಸ್ತೆ, ಆದರೂ ತೀರ್ಪು ಸಿದ್ಧ.

ಗಾಡಿಯನ್ನು ಅಪ್ಪ ರೈಲ್ವೆ ಗೇಟಿನ ಹತ್ತಿರದ ಮರೆಪ್ಪನ ಅಂಗಡಿಗೆ ತಳ್ಳಿಸಿಕೊಂಡು ಹೋದ. ಮರೆಪ್ಪ ಕೆಲಸಗಾರ, ಮಾತುಗಾರನಲ್ಲ. ಟ್ಯಾಂಕು ಎತ್ತಿ ನೋಡಿ ನಮ್ಮಿಬ್ಬರನ್ನು ಕರೆದ. ಇಂಜಿನ್ನಿನಿಂದ ಫಿಲ್ಟರಿಗೆ ಹೋಗುವ ಪೈಪಿನ ಬಾಯಿಗೆ ಹೆಬ್ಬೆರಳು ಗಾತ್ರದ ಬೋಲ್ಟು ಬಿಗಿದು ಕ್ಲಿಪ್ ಹಾಕಿತ್ತು. ‘ಪಿಸ್ಟನ್ ಬಾಜೂಲಿಂದ ಗ್ಯಾಸ್ ಕೆಳಗ ಇಳೀತದ ತಂಗಿ. ಅದು ಹೊರಗ ಹೋಗಾಕ ಇದೊಂದೇ ದಾರಿ. ಇದು ಇಂಜಿನ್ನಿನ ಉಸಿರು’ ಎಂದ. ಎಣ್ಣೆ ಸೋರದಂತೆ ತಡೆಯುವ ಹೊಸ ಸೀಲು ಹಾಕಿ, ಬೋಲ್ಟು ಇದ್ದಂತೆಯೇ ಸ್ಟಾರ್ಟ್ ಮಾಡಿ ರೇಸ್ ಕೊಟ್ಟ. ಸ್ವಲ್ಪ ಹೊತ್ತಿಗೆ ಚೈನಿನ ಪಕ್ಕದ ಸೀಲಿನ ಅಂಚಿನಲ್ಲಿ ಎಣ್ಣೆ ಹನಿಗಟ್ಟಿತು. ಇಂಜಿನ್ ನಿಲ್ಲಿಸಿ ಬೋಲ್ಟು ಕಿತ್ತ. ಕುಕ್ಕರಿನ ಸೀಟಿ ಎತ್ತಿದ ಹಾಗೆ ಬುಸ್ಸೆಂದು ಹೊಗೆ ಬಂತು. ‘ದಾರಿ ಮುಚ್ಚಿದ್ರ ಎಲ್ಲಿ ಮೆತ್ತಗ ಅದ ಅಲ್ಲಿ ದಬ್ಬಿಕೊಂಡು ಬರ್ತದ. ಆ ಎಣ್ಣಿ ಚೈನ್ ಹಿಡ್ದು ಗಾಲಿಗಿ ಹತ್ತೇದ. ನಿಂದೇನೂ ತಪ್ಪಿಲ್ಲ’ ಎಂದ. ಮೂರು ವಾರದಲ್ಲಿ ಆ ಮಾತು ನನಗೆ ಹೇಳಿದ ಮೊದಲ ಗಂಡಸು ಅವನು. ಹೆಚ್ಚಿನ ಎಣ್ಣೆ ಇಳಿಸಿ, ಪೈಪು ಮೊದಲಿನಂತೆ ಕೂಡಿಸಿ, ಫಿಲ್ಟರು ಬದಲಿಸಿದ. ಗಾಡಿ ಈಗ ಒಂದು ಹನಿ ಬಿಡುವುದಿಲ್ಲ.

ಭಾನುವಾರ ಭಾವ ನನ್ನನ್ನು ನೋಡುವ ನೆಪದಲ್ಲಿ ಅಕ್ಕನನ್ನೂ ಕರೆದುಕೊಂಡು ಗಾಡಿ ಒಯ್ಯಲು ಬಂದ. ಜಹೀರಾಬಾದಿನಲ್ಲಿ ಗಿರಾಕಿ ಇದ್ದಾನಂತೆ. ಅಪ್ಪ ಬೋಲ್ಟನ್ನು ಅವನ ಚಹಾದ ಕಪ್ಪಿನ ಕೆಳಗಿನ ಬಸಿಯಲ್ಲಿಟ್ಟು ‘ಇದು ಯಾರ್ದ್ರಿ?’ ಎಂದ. ನಿನ್ನ ಪೂಜ್ಯ ಭಾವ ಅದನ್ನು ಮೊದಲ ಬಾರಿ ಕಾಣುವವನಂತೆ ತಿರುಗಿಸಿ ನೋಡಿ, ‘ಮರೆಪ್ಪನೇ ಬಡದಿರಬೇಕು, ಇಂಥೋರು ಬಿಲ್ ಮಾಡಾಕ ಹಿಂಗೇ ಮಾಡ್ತಾರ’ ಎಂದ. ಆಗ ಒಳಗಿನಿಂದ ಅಕ್ಕ ಬಂದಳು. ಮದುವೆಯಾಗಿ ಒಂಬತ್ತು ವರ್ಷ ಗಂಡನ ಮಾತಿಗೆ ಎದುರು ಹೇಳದವಳು. ‘ಇವ್ರೇ ಬಡದಾರ ಅಪ್ಪ. ಬೋಲ್ಟ್ ಬಿಗಿಯಾಕ ಪಾನಾ ನಾನೇ ಕೊಟ್ಟಿದ್ದೆ. ಈಕಿ ಸತ್ತಿದ್ರ ನಾ ಯಾರಿಗಿ ಹೇಳ್ತಿದ್ದೆ?’ ಎಂದಳು. ಭಾವ ತಪ್ಪಾಯಿತು ಎನ್ನಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆ ಎಂದ. ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಅಂಥವನ ಮಾತಿಗೆ ನೀನು ತಂಗಿಯ ಅನ್ನವನ್ನೇ ಮಾರಲು ಹೊರಟವನು. ಅವನದು ಅಜ್ಞಾನವೆಂದು ಬಿಡಬಹುದು. ನಿನ್ನದಕ್ಕೆ ಹೆಸರು ಹುಡುಕುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತುವಾಗ ಪಟ್ಟಿ ಕಟ್ಟಿಕೋ. ಅವ್ವ ಅಪ್ಪ ನಿನಗೆ ಒಳ್ಳೆಯದಾಗಲಿ ಎನ್ನುತ್ತಾರೆ. ಅವರು ದೊಡ್ಡವರು.

ನಿನ್ನ ತಂಗಿ
ಧಮ್ಮಶೀಲಾ

ಅವಸರದಲ್ಲಿ ಇನ್ನೊಂದು: ಬಸ್ಸು ಹತ್ತುವಾಗ ಅಕ್ಕ ಭಾವನ ಚೀಲದಿಂದ ಒಂದು ಕಾಗದ ತೆಗೆದು ನನ್ನ ಕೈಗೆ ತುರುಕಿದಳು. ಗಾಡಿ ಮಾರಲು ನೀನು ಸಹಿ ಮಾಡಿ ಅವನಿಗೆ ಕಳಿಸಿದ ಫಾರಂ. ಕೊಳ್ಳುವವರ ಹೆಸರಿನ ಜಾಗವನ್ನು ನೀನು ಖಾಲಿ ಬಿಟ್ಟಿದ್ದೆ. ಅಲ್ಲಿ ನನ್ನ ಹೆಸರು ಬರೆದು ನಿನ್ನೆ ಅಪ್ಪನ ಜೊತೆ ಹೋಗಿ ಆರ್‌ಟಿಓ ಆಫೀಸಿನಲ್ಲಿ ಕೊಟ್ಟು ಬಂದಿದ್ದೇನೆ. ಅವರು ನಿನ್ನನ್ನು ಕೇಳುತ್ತಾರೆ. ಒಪ್ಪಿಗೆ ಇದೆ ಎನ್ನುತ್ತೀಯೋ ಇಲ್ಲ ಎನ್ನುತ್ತೀಯೋ, ನಿನಗೆ ಬಿಟ್ಟಿದ್ದು. ಸೋಮವಾರದಿಂದ ನಾನು ಕೆಲಸಕ್ಕೆ ಹೋಗುತ್ತೇನೆ.